ಹಸಿರು ಬಟ್ಟೆ ನುಂಗಿದ ಬಳೆ

ಈ ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಕುರಡಗಿ ಸಂಡಿಗೆ ಒಣಗುತ್ತಿರುವುದು ಒಂದು ದೊಡ್ಡ ಹಸಿರು ಬಟ್ಟೆಯ ಮೇಲೆ. ಅದೇನು ಸಾಧಾರಣ ಹಸಿರಲ್ಲ, ಗಿಣಿಯೂ ನಾಚಿಕೊಳ್ಳುವಂಥ ಹಸಿರು. ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಿಲಂಗಾದ ನಮ್ಮ ಓಣಿಯಲ್ಲಿ ಹೋಗುವವರು ತಲೆ ಎತ್ತಿ ನೋಡಿ, ಅಯ್ಯನವರ ಮನೆಯಲ್ಲಿ ಏನೋ ಕಾರ್ಯ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಕಾರ್ಯ ಏನೂ ಇಲ್ಲ. ಮಧ್ಯಾಹ್ನ ಕಾಗೆ ಓಡಿಸುವ ನೆಪದಲ್ಲಿ ನಾನು ಮೇಲೆ ಹೋಗುತ್ತೇನೆ. ಹೋದವನು ಕಾಗೆಯನ್ನು ಮರೆತು ಆ ಬಟ್ಟೆಯನ್ನು ನೋಡುತ್ತ ನಿಲ್ಲುತ್ತೇನೆ. ಕಾಗೆಗಳಿಗೆ ಇದು ಗೊತ್ತಾಗಿಬಿಟ್ಟಿದೆ.

ಆ ಬಟ್ಟೆಯನ್ನು ಉದಗೀರದ ಪೇಟೆಯಲ್ಲಿ ಕೊಂಡ ದಿನ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ದರ್ಗಾಕ್ಕೆ ಚಾದರ ಹೊದಿಸುವ ಹರಕೆ ಇದೆಯೇ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಮನೆಯಲ್ಲಿ ಯಾರಿಗಾದರೂ ಸೀಮಂತವೇ, ಮಂಟಪಕ್ಕೆ ಬೇಕೇ ಎಂದ. ಅದೂ ಅಲ್ಲ ಎಂದೆ. ಹಸಿರು ಬಟ್ಟೆಗೆ ಅವನ ಲೆಕ್ಕದಲ್ಲಿ ಮೂರನೆಯ ಉಪಯೋಗ ಇರಲಿಲ್ಲ. ಇದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಬಟ್ಟೆಯನ್ನು ಮಾಯ ಮಾಡುತ್ತೇವೆ, ಆಮೇಲೆ ಅಲ್ಲಿ ಬೇಕಾದ ಊರನ್ನು ತಂದಿಡುತ್ತೇವೆ ಎಂದು ನಾನು ತಿಳಿಸಿ ಹೇಳಿದೆ. ಮಾಯ ಮಾಡುವ ಬಟ್ಟೆಯನ್ನು ಇಷ್ಟು ಚೌಕಾಶಿ ಮಾಡಿ ಯಾಕೆ ಕೊಳ್ಳುತ್ತೀರಿ ಎಂದು ಅವನು ಕೇಳಿದ. ನಾನು ಏನೋ ತೊದಲಿ, ಅವನು ಹೇಳಿದ ಬೆಲೆಯನ್ನೇ ಕೊಟ್ಟು ಬಂದೆ.

ನನ್ನ ಕಸುಬು ಏನು ಎಂದು ಹೇಳಬೇಕಾದಾಗಲೆಲ್ಲ ನಾನು ಹೀಗೆ ತಡವರಿಸುತ್ತೇನೆ. ನಮ್ಮದು ಜಂಗಮರ ಮನೆ. ಅಪ್ಪ ಈಗಲೂ ಮನೆಮನೆಗೆ ಹೋಗಿ ಲಿಂಗಪೂಜೆ, ಗೃಹಪ್ರವೇಶ, ಹೆಸರಿಡುವುದು ಎಲ್ಲ ಮಾಡಿಸಿ ಬರುತ್ತಾರೆ. ಅವರ ಕೆಲಸ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಬಸವಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತೆ, ಆಮೇಲೆ ಉಮರ್ಗಾದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಕತ್ತರಿಸುವುದನ್ನು ಮರಾಠಿಯಲ್ಲಿ ಕಲಿತೆ, ಕಂಪ್ಯೂಟರನ್ನು ಯಾವ ಭಾಷೆಯಲ್ಲಿ ಕಲಿತೆನೋ ನನಗೇ ತಿಳಿಯದು. ಈಗ ಉದಗೀರದ ಒಂದು ಕಾಲೇಜಿನಲ್ಲಿ, ಕಿರುಚಿತ್ರ ಮಾಡುವ ಹುಡುಗ ಹುಡುಗಿಯರಿಗೆ ಕಂಪೋಸಿಟಿಂಗ್ ಹೇಳಿಕೊಡುತ್ತೇನೆ. ಒಂದು ಚಿತ್ರದ ಮೇಲೆ ಇನ್ನೊಂದು ಚಿತ್ರ, ಅದರ ಮೇಲೆ ಮತ್ತೊಂದು, ಹೀಗೆ ಪದರು ಪದರಾಗಿ ಜೋಡಿಸಿ ಎಲ್ಲವೂ ಒಂದೇ ಕಡೆ ನಡೆದಂತೆ ಕಾಣಿಸುವುದು. ನಮ್ಮ ಮನೆಯಲ್ಲಿ ಮಾಡುವ ಪದರಿನ ಚಪಾತಿಯೂ ಇದೇ ತತ್ತ್ವದ್ದು. ಒಂದೇ ವ್ಯತ್ಯಾಸವೆಂದರೆ ಚಪಾತಿ ಬೇಯುತ್ತದೆ, ನನ್ನದು ಬಹಳ ಸಲ ಹಸಿಯಾಗಿಯೇ ಉಳಿಯುತ್ತದೆ.

ವಿದ್ಯಾರ್ಥಿಗಳ ಆಸೆಗಳನ್ನು ನೀವು ಕೇಳಬೇಕು. ಪ್ರತಿ ವರ್ಷ ಒಂದು ತಂಡವಾದರೂ ಉದಗೀರದ ಕೋಟೆಯನ್ನು ಸ್ಫೋಟಿಸುತ್ತದೆ. ಎಷ್ಟೋ ಸುಲ್ತಾನರ ತೋಪಿಗೆ ಜಗ್ಗದ ಗೋಡೆ ನಮ್ಮ ಮಕ್ಕಳ ಲ್ಯಾಪ್‌ಟಾಪಿಗೆ ಪುಡಿಪುಡಿಯಾಗುತ್ತದೆ. ಮರುದಿನ ಬಸ್ಸಿನಿಂದ ಇಳಿದು ನೋಡಿದರೆ ಕೋಟೆ ಅಲ್ಲೇ ಇರುತ್ತದೆ. ನನಗೆ ಒಂದು ಕ್ಷಣ ಆಶ್ಚರ್ಯವೇ ಆಗುತ್ತದೆ. ಇನ್ನೊಬ್ಬನಿಗೆ ಧಾನ್ಯದ ಅಡತಿ ಅಂಗಡಿಯಲ್ಲಿ ಡೈನೋಸಾರ್ ತೊಗರಿ ತಿನ್ನಬೇಕಿತ್ತು. ಡೈನೋಸಾರ್ ತೊಗರಿ ತಿನ್ನುತ್ತದೆಯೇ ಎಂದು ನಾನು ಕೇಳಿದೆ. ಕ್ವಿಂಟಲ್‌ಗಟ್ಟಲೆ ಇರುವಾಗ ಯಾಕೆ ತಿನ್ನುವುದಿಲ್ಲ ಎಂದ. ಹೀಗಿರುವಾಗ ಜಳಕೋಟದಿಂದ ಬರುವ ಪ್ರಣಾಲಿ ಎಂಬ ಹುಡುಗಿ ತನ್ನ ಕಥೆ ಹೇಳಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ಒಬ್ಬ ಮುದುಕಿ ಮೊರದಲ್ಲಿ ಜೋಳ ಕೇರುತ್ತಿರುತ್ತಾಳೆ. ಗಾಳಿ ಬರುತ್ತದೆ. ಮುದುಕಿ ಮೊರದ ಮೇಲೆ ಕೂತು ಹಾರಿ ಹೋಗುತ್ತಾಳೆ, ಊರು, ಹೈವೇ, ಕೋಟೆ ಎಲ್ಲ ನೋಡಿಕೊಂಡು ಸಂಜೆಗೆ ಮನೆಗೆ ಬರುತ್ತಾಳೆ. ಇಷ್ಟೇ. ಯಾಕೆ ಹಾರುತ್ತಾಳೆ ಎಂದು ಕೇಳಿದರೆ, ಅದನ್ನು ಇನ್ನೂ ಬರೆದಿಲ್ಲ ಎಂದಳು.

ಮುದುಕಿ ಬೇಕಾಗಿತ್ತು. ನಮ್ಮ ಮನೆಯಲ್ಲಿ ಒಬ್ಬಾಕೆ ಇದ್ದಳು. ಅಪ್ಪನ ತಂಗಿ ಶಿವಕಾಂತತ್ತೆ.

ಶಿವಕಾಂತತ್ತೆಯ ವಿಷಯ ಸ್ವಲ್ಪ ಹೇಳಬೇಕು. ಸ್ವಲ್ಪ ಎಂದೆ, ಯಾಕೆಂದರೆ ಪೂರ್ತಿ ವಿಷಯ ಯಾರಿಗೂ ಗೊತ್ತಿಲ್ಲ. ಅವಳನ್ನು ತುರೋರಿಗೆ ಕೊಟ್ಟಿದ್ದರು. ಮಾಮಾ, ಅಂದರೆ ಅವಳ ಗಂಡ, ಅಲ್ಲಿ ಹೈವೇಯ ಪಕ್ಕದಲ್ಲಿ ಚಹಾದ ಅಂಗಡಿ ಇಟ್ಟಿದ್ದರು. ನಾನು ಚಿಕ್ಕವನಿದ್ದಾಗ ಆ ಅಂಗಡಿಯ ಬಾಕಿನ ಮೇಲೆ ಕೂತು ಲಾರಿಗಳ ಹಿಂದೆ ಬರೆದದ್ದನ್ನೆಲ್ಲ ಓದುತ್ತಿದ್ದೆ. ನನ್ನ ಮರಾಠಿ ಓದು ಶುರುವಾದದ್ದು ಹಾಗೆ. ಒಂದು ಬೆಳಿಗ್ಗೆ ಮಾಮಾ ಪರಿಚಯದ ಲಾರಿಯೊಂದನ್ನು ಹತ್ತಿ, ಸಂಜೆಗೆ ಬರುತ್ತೇನೆ, ಹಾಲು ಕಾಸಿಡು ಎಂದು ಹೋದರು. ಬರಲಿಲ್ಲ. ಜಗಳ ಇರಲಿಲ್ಲ, ಸಾಲ ಇರಲಿಲ್ಲ, ಇನ್ನೊಬ್ಬಳೂ ಇರಲಿಲ್ಲ ಎಂದು ಹುಡುಕಾಡಿದವರು ಹೇಳಿದರು. ಅವರನ್ನು ಸೂರತ್‌ನಲ್ಲಿ ನೋಡಿದವರಿದ್ದಾರೆ. ಶ್ರೀಶೈಲದಲ್ಲಿ ಕಾವಿ ಹಾಕಿಕೊಂಡದ್ದನ್ನು ನೋಡಿದವರಿದ್ದಾರೆ. ಆ ಲಾರಿಗೆ ಅಪಘಾತವಾಯಿತು ಎಂದು ಕೇಳಿದವರೂ ಇದ್ದಾರೆ, ಆದರೆ ಯಾವ ಲಾರಿ, ಎಲ್ಲಿ ಎಂದರೆ ಮಾತು ಬದಲಿಸುತ್ತಾರೆ. ಅತ್ತೆ ತುರೋರಿಯಲ್ಲಿ ಒಂದಷ್ಟು ಕಾಲ ಕಾದು ನೋಡಿ, ಒಂದು ಟ್ರಂಕು ಹಿಡಿದುಕೊಂಡು ನಿಲಂಗಾಕ್ಕೆ ನಮ್ಮ ಮನೆಗೆ ಬಂದಳು. ಅಂದಿನಿಂದ ಇಲ್ಲೇ ಇದ್ದಾಳೆ. ಅವಳ ಎರಡು ಕೈಗಳ ತುಂಬ ಹಸಿರು ಗಾಜಿನ ಬಳೆಗಳೂ ಇವೆ.

ನಮ್ಮ ಕಡೆ ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಾಯಿತು ಎನ್ನುತ್ತಾರೆ. ಅತ್ತೆಯ ಬಳೆ ಬಾವಿಕಟ್ಟೆಗೆ ತಾಗಿ ಹೆಚ್ಚಾದರೆ ಆ ಚೂರುಗಳು ನನ್ನ ಪಾಲು. ಗಾಜಿನ ಪಟ್ಟಿಗಳನ್ನು ಸೇರಿಸಿ ಕಟ್ಟಿ, ಒಳಗೆ ಚೂರು ಹಾಕಿ, ಕಣ್ಣಿಗೆ ಹಿಡಿದು ತಿರುಗಿಸಿದರೆ ಹಸಿರು ಹೂವು ಅರಳುತ್ತಿತ್ತು. ಕರೆಂಟು ಹೋದಾಗ ಅತ್ತೆ ಕಂದೀಲಿನ ಮುಂದೆ ಕೈ ಹಿಡಿದು ಗೋಡೆಯ ಮೇಲೆ ಜಿಂಕೆ, ನಾಯಿ, ಹಾರುವ ಹದ್ದು ಮಾಡುತ್ತಿದ್ದಳು. ಅವಳು ಮಾಡಿದ ಪ್ರಾಣಿಗಳ ಕುತ್ತಿಗೆಯಲ್ಲೆಲ್ಲ ಬಳೆಯ ನೆರಳು ಬೀಳುತ್ತಿತ್ತು. ಜಿಂಕೆಗೂ ಕೊರಳಪಟ್ಟಿ, ಹದ್ದಿಗೂ ಕೊರಳಪಟ್ಟಿ. ಎಷ್ಟೋ ವರ್ಷ ನಾನು ನಿಜವಾದ ಹದ್ದಿಗೂ ಅದು ಇರುತ್ತದೆ ಎಂದೇ ತಿಳಿದಿದ್ದೆ.

ಆ ಬಳೆಗಳು ನಮ್ಮ ಓಣಿಗೆ ಒಂದು ತೊಡಕಾಗಿದ್ದವು. ಹಳದಿ ಕುಂಕುಮಕ್ಕೆ ಅತ್ತೆಯನ್ನು ಕರೆಯುತ್ತಿದ್ದರು, ಕುಂಕುಮವನ್ನೂ ಹಚ್ಚುತ್ತಿದ್ದರು. ಉಡಿ ತುಂಬುವ ಹೊತ್ತಿಗೆ ಮಾತ್ರ ಕೈಗಳು ತಡವರಿಸುತ್ತಿದ್ದವು. ಒಬ್ಬಾಕೆ ತುಂಬುತ್ತಿದ್ದಳು, ಮುಂದಿನಾಕೆ ಅಕ್ಕಿಯ ತಟ್ಟೆ ಹಿಡಿದು ಅತ್ತಿತ್ತ ನೋಡುತ್ತಿದ್ದಳು. ಅತ್ತೆ ಸೆರಗು ಒಡ್ಡಿದಳೋ ಇಲ್ಲವೋ ತಿಳಿಯದ ಹಾಗೆ ಕೂತಿರುತ್ತಿದ್ದಳು. ಊರಿನ ಎಲ್ಲರ ಮನೆಗೆ ಹೋಗಿ ಯಾವುದು ಮಾಡಬೇಕು, ಯಾವುದು ಮಾಡಬಾರದು ಎಂದು ಹೇಳಿಬರುವ ಅಪ್ಪ ತಂಗಿಯ ವಿಷಯಕ್ಕೆ ಮಾತ್ರ ಶಲ್ಯ ಸರಿಮಾಡಿಕೊಂಡು ಎದ್ದುಹೋಗುತ್ತಿದ್ದರು. ಯಾರೋ ಹಿರಿಯರು, ಇನ್ನು ಎಷ್ಟು ವರ್ಷ ಕಾಯುವುದು, ಅವನು ತೀರಿಹೋದನೆಂದೇ ತಿಳಿದು ಏನಾದರೊಂದು ಮಾಡಿ ಮುಗಿಸಿರಿ ಎಂದು ಒತ್ತಾಯ ಮಾಡಿದಾಗ ಅಪ್ಪ ಒಂದೇ ಮಾತು ಹೇಳಿದರು.

"ಮಾಡಿ ಮುಗಿಸ್ತೀವಿ ರೀ. ನಾಳಿ ಅಂವಾ ಬಂದು ಬಾಗಲ್ದಾಗ ನಿಂತ್ರ ಏನ್ ಹೇಳೋದು?"

ಹಿರಿಯರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅಲ್ಲಿಗೆ ಮಾತು ನಿಂತಿತು. ನಿಂತದ್ದು ಇವತ್ತಿಗೂ ಹಾಗೇ ನಿಂತಿದೆ.

ಮಾಮಾ ಒಂದು ಸಲ ಮದುವೆಗೆ ಬಂದಿದ್ದರು. ಅದನ್ನು ಹೇಳದಿದ್ದರೆ ನಡೆಯುವುದಿಲ್ಲ. ನನ್ನ ತಂಗಿಯ ಮದುವೆಯ ವಿಡಿಯೋವನ್ನು ಉಮರ್ಗಾದ ಸ್ಟುಡಿಯೋದಲ್ಲಿ ನಾನೇ ಮಾಡುತ್ತಿದ್ದೆ. ಆ ಕಾಲದಲ್ಲಿ ತೀರಿಹೋದ ಅಜ್ಜಂದಿರನ್ನು ಮೋಡದಲ್ಲಿ ಕೂರಿಸಿ, ಅವರ ಕೈಯಿಂದ ಅಕ್ಷತೆ ಉದುರಿಸುವುದು ನಮ್ಮ ವಿಶೇಷ. ಉಮರ್ಗಾ ತಾಲೂಕಿನ ಎಷ್ಟು ಪೂರ್ವಜರನ್ನು ನಾನು ಮೋಡಕ್ಕೆ ಹತ್ತಿಸಿದ್ದೇನೋ ಲೆಕ್ಕವಿಲ್ಲ. ಅತ್ತೆ ಅದನ್ನೆಲ್ಲ ನೋಡಿ, ಟ್ರಂಕಿನಿಂದ ಮಾಮಾನ ಒಂದು ಹಳೆಯ ಫೋಟೋ ತಂದುಕೊಟ್ಟಳು. ನಾನು ಮೋಡ ಹುಡುಕತೊಡಗಿದೆ. ಅವಳು ನನ್ನ ಕೈ ಹಿಡಿದಳು.

"ಮ್ಯಾಲ ಹಾಕಬ್ಯಾಡ. ಮಂದ್ಯಾಗ ಎಲ್ಲ್ಯಾರ ಹಿಂದ ನಿಂದರಸು."

ಊಟದ ಪಂಕ್ತಿಯ ಹಿಂದೆ, ಕಂಬದ ಪಕ್ಕದಲ್ಲಿ ಮಾಮಾನನ್ನು ನಿಲ್ಲಿಸಿದೆ. ಕೆಲಸ ಅಷ್ಟು ಚೆನ್ನಾಗಿ ಬಂದೀತೆಂದು ನಾನೂ ತಿಳಿದಿರಲಿಲ್ಲ. ಕ್ಯಾಸೆಟ್ಟು ನೆಂಟರ ಮನೆಗಳಲ್ಲಿ ತಿರುಗಿತು. ಸ್ವಲ್ಪ ದಿನಕ್ಕೆ ಔಸಾದ ಕಡೆಯ ಒಬ್ಬ ಬೀಗರು, ಶಿವಕಾಂತಾಬಾಯಿಯ ಗಂಡ ಮದುವೆಗೆ ಬಂದು ಊಟ ಮಾಡದೆ ಹೋದನಂತೆ, ಯಾರೂ ಮಾತಾಡಿಸಲಿಲ್ಲವಂತೆ ಎಂದು ನೊಂದುಕೊಂಡರು. ಸುದ್ದಿ ತಿರುಗಿ ತಿರುಗಿ ನಮ್ಮ ಮನೆಗೂ ಬಂತು. ಒಂದು ಮಧ್ಯಾಹ್ನ ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ, ಖರೇನೇ ಬಂದಿದ್ದರೇನು ಎಂದು ಕೇಳಿದಳು. ನಿಲ್ಲಿಸು ಎಂದವಳು ಅವಳೇ, ನಿಲ್ಲಿಸಿದವನು ನಾನೇ. ಆದರೂ ನನಗೆ ಇಲ್ಲ ಎಂದು ಹೇಳಲು ಒಂದು ಗಳಿಗೆ ಬೇಕಾಯಿತು. ಆ ಗಳಿಗೆಯಲ್ಲಿ ನನಗೂ ಸಂಶಯ ಬಂದದ್ದು ಸುಳ್ಳಲ್ಲ.

ಈಗ ಮೊರದ ಕಥೆಗೆ ಬರುತ್ತೇನೆ. ಪ್ರಣಾಲಿಯ ತಂಡ ನಮ್ಮ ಮಾಳಿಗೆಯ ಮೇಲೆಯೇ ಚಿತ್ರ ತೆಗೆಯಿತು, ಯಾಕೆಂದರೆ ಬಿಸಿಲಿಗೆ ಬಾಡಿಗೆ ಇಲ್ಲ. ಬಟ್ಟೆ ಒಣಹಾಕುವ ಹಗ್ಗಕ್ಕೆ ಹಸಿರು ಬಟ್ಟೆ ಬಿಟ್ಟರು, ಎತ್ತರದ ಒಂದು ಸ್ಟೂಲಿಗೂ ಅದನ್ನೇ ಸುತ್ತಿದರು, ಮೇಲೆ ಮೊರ, ಮೊರದ ಮೇಲೆ ಅತ್ತೆ. ಅವಳು ತನ್ನ ಗಾಢ ನೀಲಿಯ ಇಳಕಲ್ ಸೀರೆಯನ್ನೇ ಉಡುತ್ತೇನೆ ಎಂದದ್ದರಿಂದ ನೀಲಿ ಬಟ್ಟೆ ಕಟ್ಟುವ ಹಾಗಿರಲಿಲ್ಲ, ಕಟ್ಟಿದರೆ ಅದರ ಜೊತೆಗೆ ಸೀರೆಯೂ ಮಾಯವಾಗುತ್ತಿತ್ತು. ಸೀರೆಯ ವಿಚಾರವನ್ನು ನಾನು ಅಷ್ಟು ಯೋಚನೆ ಮಾಡಿದ್ದೆ ನೋಡಿ. ಎದುರಿಗೆ ಟೇಬಲ್ ಫ್ಯಾನು ಇಟ್ಟು ಸೆರಗು ಹಾರಿಸಿದರು. ಅತ್ತೆ ಮೊದಲು ನಕ್ಕಳು, ಆಮೇಲೆ ಸ್ಟೂಲು ಅಲುಗಾಡಿದ್ದಕ್ಕೆ ಬೈದಳು, ಆಮೇಲೆ ಹಾರತೊಡಗಿದಳು. ಪ್ರಣಾಲಿ ಅವಳಿಗೆ, ಕೆಳಗೆ ಯಾರನ್ನೋ ಹುಡುಕುವ ಹಾಗೆ ನೋಡಿ ಎಂದು ಹೇಳಿದಳು. ಆ ಹುಡುಗಿಗೆ ಮಾಮಾನ ವಿಷಯ ಏನೂ ಗೊತ್ತಿರಲಿಲ್ಲ. ಅತ್ತೆ ಹುಬ್ಬಿಗೆ ಕೈ ಅಡ್ಡ ಹಿಡಿದು ಕೆಳಗೆ ನೋಡಿದಳು. ನೋಡುತ್ತಲೇ ಇದ್ದಳು. ಸಾಕು ಎಂದರೂ ನೋಡುತ್ತಿದ್ದಳು. ಮಕ್ಕಳೆಲ್ಲ ಎಷ್ಟು ಚಂದ ನಟನೆ ಮಾಡುತ್ತಾರೆ ಎಂದು ಚಪ್ಪಾಳೆ ತಟ್ಟಿದರು. ನಾನು ಫ್ಯಾನು ಬಂದ್ ಮಾಡುವ ನೆಪದಲ್ಲಿ ಆ ಕಡೆ ತಿರುಗಿದೆ.

ಮುಗಿದ ಮೇಲೆ ಅತ್ತೆ ಸೊಂಟ ಹಿಡಿದುಕೊಂಡು ಇಳಿದು, ಇನ್ನು ಜೀವಮಾನದಲ್ಲಿ ಆ ಸ್ಟೂಲು ಹತ್ತುವವಳಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು.

ಮರುದಿನ ಕಾಲೇಜಿನಲ್ಲಿ ಕೂತು, ಹಸಿರನ್ನು ಆರಿಸಿ ಅಳಿಸು ಎಂದು ಸಾಫ್ಟ್‌ವೇರ್‌ಗೆ ಹೇಳಿದೆವು. ಅದು ಹೇಳಿದ್ದನ್ನು ಕೇಳುವ ಜಾತಿ. ಬಟ್ಟೆ ಹೋಯಿತು, ಸ್ಟೂಲು ಹೋಯಿತು, ಅತ್ತೆ ಉದಗೀರದ ಕೋಟೆಯ ಮೇಲೆ ತೇಲಿದಳು. ನಾನು ಹೆಮ್ಮೆಯಿಂದ ಸುತ್ತಲೂ ನೋಡಿದೆ. ಪ್ರಣಾಲಿ ಪರದೆಯ ಹತ್ತಿರ ಬಗ್ಗಿದ್ದಳು.

"ಸರ್, ಆಜೀಚೆ ಹಾತ ಕುಠೇ ಗೇಲೇ?"

ಅಜ್ಜಿಯ ಕೈ ಎಲ್ಲಿ ಹೋದವು ಎಂದು ಕೇಳುತ್ತಿದ್ದಳು. ನೋಡಿದೆ. ಅತ್ತೆಯ ತೋಳು ಇತ್ತು, ಅಂಗೈ ಇತ್ತು, ನಡುವೆ ಮಣಿಕಟ್ಟು ಇರಲಿಲ್ಲ. ಅಲ್ಲಿಂದ ಕೋಟೆಯ ಬುರುಜು ಕಾಣುತ್ತಿತ್ತು. ಎರಡು ಅಂಗೈಗಳು ತೋಳುಗಳನ್ನು ಬಿಟ್ಟು ತಮ್ಮಷ್ಟಕ್ಕೆ ಹಾರಿಕೊಂಡು ಹಿಂದೆ ಬರುತ್ತಿದ್ದವು.

ಹಸಿರು ಬಳೆ. ಹಸಿರು ಬಟ್ಟೆಯ ಜೊತೆಗೆ ಬಳೆಗಳನ್ನೂ ಅಳಿಸಿಬಿಟ್ಟಿದ್ದೆವು. ನೀವು ಕೇಳಬಹುದು, ಅಷ್ಟು ಜನರಿದ್ದಿರಿ, ಯಾರಿಗೂ ಕಾಣಲಿಲ್ಲವೇ ಎಂದು. ಕಾಣಲಿಲ್ಲ. ನಮ್ಮ ಊರುಗಳಲ್ಲಿ ಹೆಂಗಸರ ಕೈ ಎಂದರೆ ಅದರಲ್ಲಿ ಹಸಿರು ಬಳೆ ಇದ್ದೇ ಇರುತ್ತದೆ. ಹುಟ್ಟಿದಾಗಿನಿಂದ ನೋಡಿ ನೋಡಿ ಅದು ನಮ್ಮ ಕಣ್ಣಿಗೆ ಬಣ್ಣವಾಗಿ ಉಳಿದಿಲ್ಲ, ಚರ್ಮದಂತೆ ಆಗಿಬಿಟ್ಟಿದೆ. ಬೇರೆ ಊರಿನ ಒಬ್ಬ ಇದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದ. ಸೀರೆಯ ನೀಲಿಗೆ ಅಷ್ಟು ತಲೆ ಕೆಡಿಸಿಕೊಂಡ ಪಂಡಿತ ನಾನು, ಜಿಂಕೆಯ ಕೊರಳಲ್ಲಿ ಕಂಡ ಬಳೆಯನ್ನೇ ಮರೆತಿದ್ದೆ.

ಮಕ್ಕಳಿಗೆ ಅದು ಬಹಳ ಇಷ್ಟವಾಯಿತು. ಹೀಗೇ ಇಡೋಣ, ನಗು ಬರುತ್ತದೆ ಎಂದರು. ನಾನು ಒಪ್ಪಲಿಲ್ಲ. ಹಾಗಾದರೆ ಇನ್ನೂ ಸುಲಭ ಇದೆ ಎಂದು ಪ್ರಣಾಲಿ ತೋಳಿನ ಚರ್ಮದ ಒಂದು ತುಣುಕನ್ನು ಎತ್ತಿ ಖಾಲಿ ಜಾಗಕ್ಕೆ ತೇಪೆ ಹಾಕಿದಳು. ಕ್ಷಣದಲ್ಲಿ ಕೈಗಳು ಕೂಡಿದವು. ಎಷ್ಟು ಚೊಕ್ಕ ಕೆಲಸ ಎಂದರೆ ನಾನು ಕಲಿಸಿದ್ದು ಎಂದು ಹೇಳಿಕೊಳ್ಳಬಹುದಿತ್ತು. ಅತ್ತೆ ಕೋಟೆಯ ಮೇಲೆ ಹಾರುತ್ತಿದ್ದಳು, ಬರಿಗೈಯಲ್ಲಿ.

ನಾನು ಅವಳ ಕೈಯಿಂದ ಮೌಸು ತೆಗೆದುಕೊಂಡೆ. ಬಳೆ ಬೇಕು ಎಂದೆ. ಅಜ್ಜಿಯ ಬಳೆಯನ್ನು ಯಾರು ನೋಡುತ್ತಾರೆ ಸರ್ ಎಂದಳು ಅವಳು. ಯಾರು ನೋಡುತ್ತಾರೆ ಎಂದು ಅವಳಿಗೆ ಹೇಗೆ ಹೇಳುವುದು. ಮಕ್ಕಳ ಚಿತ್ರಗಳನ್ನೆಲ್ಲ ತೋರಿಸುವ ಕಾಲೇಜಿನ ಕಾರ್ಯಕ್ರಮಕ್ಕೆ ಅತ್ತೆ ಆಗಲೇ ನಮ್ಮ ಓಣಿಯ ಹೆಂಗಸರನ್ನೆಲ್ಲ ಕರೆದುಬಿಟ್ಟಿದ್ದಳು. ಅಕ್ಕಿಯ ತಟ್ಟೆ ಹಿಡಿದು ತಡವರಿಸುವ ಆ ಕೈಗಳೆಲ್ಲ ಮುಂದಿನ ಸಾಲಿನಲ್ಲಿ ಕೂತಿರುತ್ತವೆ. ಅಷ್ಟು ದೊಡ್ಡ ಪರದೆಯ ಮೇಲೆ ಬರಿಗೈ ಕಂಡರೆ, ಅಯ್ಯನವರ ಮನೆಯವರು ಕಡೆಗೂ ತೀರ್ಮಾನ ಮಾಡಿದರು ಎಂದು ತಿಳಿಯುತ್ತವೆ. ಅವರು ಏನು ಬೇಕಾದರೂ ತಿಳಿದುಕೊಳ್ಳಲಿ. ಆದರೆ ಅತ್ತೆ ಅದನ್ನು ಎದುರಿಗೆ ಕೂತು ನೋಡಬೇಕಲ್ಲ. ಇಷ್ಟು ವರ್ಷ ಅಪ್ಪನಂಥ ಅಪ್ಪನೇ ಮುಟ್ಟದ ವಿಷಯವನ್ನು ಒಂದು ಗುಂಡಿ ಒತ್ತಿ ನಾನು ಮುಗಿಸಿದಂತೆ ಆಗುತ್ತದೆ.

ಪ್ರಣಾಲಿ ನನ್ನ ಮುಖ ನೋಡಿ, ಅಜ್ಜ ಇದ್ದಾರೆಯೇ ಎಂದು ಕೇಳಿದಳು. ಇದ್ದಾರೆ ಎಂದೆ. ಆಮೇಲೆ ಇಲ್ಲ ಎಂದೆ. ಆಮೇಲೆ ಗೊತ್ತಿಲ್ಲ ಎಂದೆ. ಮೂರೂ ನಿಜವೆಂದು ನನಗೇ ಅನ್ನಿಸಿತು. ಅವಳು ಸ್ವಲ್ಪ ಯೋಚಿಸಿ, ಪದರನ್ನು ಅರ್ಧ ಪಾರದರ್ಶಕ ಮಾಡಿಟ್ಟ ಹಾಗೆಯೇ ಸರ್ ಎಂದಳು. ಹುಡುಗಿ ತಮಾಷೆಗೆ ಹೇಳಲಿಲ್ಲ. ಪಾಠ ಚೆನ್ನಾಗಿ ಕಲಿತಿದ್ದಳು, ಅಷ್ಟೆ. ಹೌದು, ಮಾಮಾ ನಮ್ಮ ಮನೆಯಲ್ಲಿ ಇಷ್ಟು ವರ್ಷ ಹಾಗೆಯೇ ಇದ್ದಾರೆ. ಅವರ ಆಚೆಗಿನ ಗೋಡೆ ಕಾಣುತ್ತದೆ, ಆದರೆ ಅವರನ್ನು ದಾಟಿ ಹೋಗಲು ಆಗುವುದಿಲ್ಲ.

ಆಮೇಲೆ ಶುರುವಾಯಿತು ನನ್ನ ಬಳೆಗಾರಿಕೆ. ಮತ್ತೆ ಚಿತ್ರ ತೆಗೆಯೋಣವೆಂದರೆ ಅತ್ತೆ ಸ್ಟೂಲು ಹತ್ತುವವಳಲ್ಲ. ಅತ್ತೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಅವಳ ಕೈಗಳ ಫೋಟೋ ತೆಗೆದುಕೊಂಡೆ. ಯಾಕೆ ಎಂದು ಕೇಳಿದಳು, ರೊಟ್ಟಿಯದು ಎಂದೆ. ಅದರಿಂದ ಬಳೆಗಳನ್ನು ಕತ್ತರಿಸಿ, ಹಾರುವ ಅತ್ತೆಯ ಮಣಿಕಟ್ಟಿಗೆ ತೊಡಿಸುತ್ತ ಹೋದೆ. ಹಾರುವವರ ಕೈ ಒಂದು ಕಡೆ ನಿಲ್ಲುತ್ತದೆಯೇ. ಕೈ ಹೋದಲ್ಲೆಲ್ಲ ಬಳೆ ಹೋಗಬೇಕು, ಕೈ ತಿರುಗಿದರೆ ಬಳೆ ತಿರುಗಬೇಕು, ಇಲ್ಲದಿದ್ದರೆ ಬಳೆ ಗಾಳಿಯಲ್ಲಿ ಹಿಂದೆ ಉಳಿದು ಕೈ ಮುಂದೆ ಹೋಗುತ್ತದೆ. ನಮ್ಮ ಓಣಿಗೆ ಬರುವ ಬಳೆಗಾರ ಮಾತಾಡುತ್ತ ಮಾತಾಡುತ್ತ ಒಂದು ಕೈಗೆ ಬಳೆ ತೊಡಿಸಿ ಮುಗಿಸುತ್ತಾನೆ. ನಾನು ಒಂದೇ ಕೈಯನ್ನು ಮತ್ತೆ ಮತ್ತೆ ಹಿಡಿದು, ಕಣ್ಣು ಕೆಂಪಾಗುವವರೆಗೆ ತೊಡಿಸಿದ್ದನ್ನೇ ತೊಡಿಸುತ್ತ ಕೂತೆ. ಮಧ್ಯೆ ಮಧ್ಯೆ ನನಗೆ ಗೊಂದಲ ಹತ್ತುತ್ತಿತ್ತು. ನಾನು ಮಾಡುತ್ತಿರುವುದು ಇದ್ದದ್ದನ್ನು ತಿರುಗಿ ಕೊಡುವ ಕೆಲಸವೋ, ಇಲ್ಲದ್ದನ್ನು ಇದೆ ಎಂದು ತೋರಿಸುವ ಕೆಲಸವೋ? ಕಂಬದ ಪಕ್ಕದಲ್ಲಿ ಮಾಮಾನನ್ನು ನಿಲ್ಲಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಬಸ್ಸಿನಲ್ಲಿ ಹೋಗುವಾಗ ಅದೇ ಯೋಚನೆ. ನಿಲಂಗಾದ ಸ್ಟ್ಯಾಂಡ್ ಬಂದದ್ದು ತಿಳಿಯದೆ ಮುಂದೆ ಹೋಗಿ, ಕಂಡಕ್ಟರನ ಹತ್ತಿರ ಬೈಸಿಕೊಂಡು ಇಳಿದದ್ದೂ ಆಯಿತು.

ಕಾರ್ಯಕ್ರಮದ ದಿನ ಅತ್ತೆ ಅದೇ ನೀಲಿ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಓಣಿಯ ಹೆಂಗಸರ ದಂಡು ಕಟ್ಟಿಕೊಂಡು ಲಾಲ್ ಡಬ್ಬಿ ಎನ್ನುವ ಕೆಂಪು ಸರಕಾರಿ ಬಸ್ಸಿನಲ್ಲಿ ಉದಗೀರಕ್ಕೆ ಬಂದಳು. ಕೋಟೆ ಸ್ಫೋಟವಾದ ಚಿತ್ರ ಮೊದಲು ಬಂತು, ಆಮೇಲೆ ತೊಗರಿಯ ಡೈನೋಸಾರ್, ಆಮೇಲೆ ಅತ್ತೆ. ನಾನು ಪರದೆಯನ್ನು ನೋಡಲಿಲ್ಲ, ಹೆಂಗಸರ ಮುಖಗಳನ್ನು ನೋಡುತ್ತ ಗೋಡೆಗೆ ಆತು ನಿಂತಿದ್ದೆ. ಅವರು ನಕ್ಕರು, ಮೂಗಿನ ಮೇಲೆ ಬೆರಳಿಟ್ಟರು, ಅತ್ತೆಯನ್ನು ತಿವಿದರು. ಯಾರ ಮುಖದಲ್ಲೂ ಅಕ್ಕಿಯ ತಟ್ಟೆ ಹಿಡಿದ ತಡವರಿಕೆ ಕಾಣಲಿಲ್ಲ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಪರದೆಯ ಕಡೆ ತಿರುಗಿದರೆ, ಅತ್ತೆ ಹುಬ್ಬಿಗೆ ಕೈ ಅಡ್ಡ ಹಿಡಿದು ಕೆಳಗೆ ಹುಡುಕುವ ದೃಶ್ಯ ಬಂದಿತ್ತು. ಕೆಳಗೆ ಹೈವೇ, ಸಾಲು ಲಾರಿಗಳು. ಅಲ್ಲಿ, ಕೈ ಹುಬ್ಬಿನಿಂದ ಕೆಳಗಿಳಿಯುವ ಹೊತ್ತಿಗೆ, ನಾನು ತೊಡಿಸಿದ ಬಳೆಗಳು ಇರಲೇ ಇಲ್ಲ. ಪ್ರಣಾಲಿ ಹಾಕಿದ ಚರ್ಮದ ತೇಪೆಯ ಪದರು ಹೇಗೋ ನನ್ನ ಬಳೆಯ ಪದರಿನ ಮೇಲೆ ಬಂದುಬಿಟ್ಟಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು ಬರಿಗೈ. ಮತ್ತೆ ಬಳೆ ಬಂದವು. ಚಪ್ಪಾಳೆಯಾಯಿತು. ಯಾರೂ ನೋಡಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಿದ್ದಳು, ನಾನು ಅವಳ ಪಕ್ಕ. ಹಿಂದಿನ ಸೀಟಿನ ಹೆಂಗಸರು ಇನ್ನೂ ಹಾರುವ ಮಾತನ್ನೇ ಆಡುತ್ತಿದ್ದರು. ಅತ್ತೆ ಹೊರಗೆ ನೋಡುತ್ತಲೇ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ತೆಳಗ ನೋಡೋ ಮುಂದ ನನ್ನ ಕೈಯಾಗ ಬಳಿ ಇರಲಿಲ್ಲ."

ನಾನು ಏನೇನೋ ಹೇಳಿದೆ. ಪದರು ಎಂದೆ, ಮೇಲೆ ಕೆಳಗೆ ಎಂದೆ, ಮಷಿನ್ನಿನ ದೋಷ ಎಂದೆ. ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಮಣಿಕಟ್ಟನ್ನು ನೋಡಿಕೊಂಡಳು. ಎಷ್ಟೋ ವರ್ಷ ಬಿಸಿಲು ಕಾಣದ ಜಾಗ ಬೆಳ್ಳಗಿತ್ತು. ಮತ್ತೆ ಬಳೆಗಳನ್ನು ಕೆಳಗಿಳಿಸಿದಳು. ಅವಳಿಗೆ ನೋವಾಯಿತೋ, ಕೋಪ ಬಂತೋ, ಅಪಶಕುನ ಎನ್ನಿಸಿತೋ, ನನಗೆ ಒಂದೂ ತಿಳಿಯಲಿಲ್ಲ. ಮನೆಗೆ ಬಂದ ಮೇಲೂ ಅವಳು ಆ ಮಾತು ಎತ್ತಲಿಲ್ಲ. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿದಾಗಲೆಲ್ಲ ನಾನು ಬಳೆಯ ಸದ್ದಿಗೆ ಕಿವಿಗೊಡುತ್ತಿದ್ದೆ. ಇದೆ, ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಪ್ರಣಾಲಿ ಫೋನು ಮಾಡಿ, ಚಿತ್ರವನ್ನು ಹೊರಗಿನ ಸ್ಪರ್ಧೆಗೆ ಕಳಿಸುತ್ತೇವೆ, ಕೊನೆಯ ಪ್ರತಿ ಕೊಡಿ ಎಂದಳು. ನಾನು ಆ ದೃಶ್ಯವನ್ನು ತೆರೆದು ಕೂತೆ. ದೊಡ್ಡ ಕೆಲಸವೇನಲ್ಲ, ಒಂದು ಪದರನ್ನು ಎಳೆದು ಇನ್ನೊಂದರ ಕೆಳಗೆ ಹಾಕುವುದು, ಅಷ್ಟೆ. ಕೈ ಒರೆಸಿಕೊಳ್ಳುತ್ತ ಅತ್ತೆ ಬಂದು ನನ್ನ ಹಿಂದೆ ನಿಂತಳು. ಅಲ್ಲೇ ನಿಲ್ಲಿಸು ಎಂದಳು. ನಿಲ್ಲಿಸಿದೆ. ಪರದೆಯ ಮೇಲೆ ಅತ್ತೆ ಹೈವೇಯ ಮೇಲೆ ಮೊರದಲ್ಲಿ ಕೂತು, ಲಾರಿಗಳನ್ನು ನೋಡುತ್ತ, ಬರಿಗೈ ಚಾಚಿಕೊಂಡು ಗಾಳಿಯಲ್ಲೇ ನಿಂತುಬಿಟ್ಟಿದ್ದಳು. ಅತ್ತೆ ಕುರ್ಚಿ ಎಳೆದುಕೊಂಡು ಕೂತಳು. ಬಹಳ ಹೊತ್ತು ನೋಡಿದಳು. ಒಲೆಯ ಮೇಲೆ ಏನೋ ಹೊತ್ತಿದ ವಾಸನೆ ಬಂತು, ಅವಳು ಏಳಲಿಲ್ಲ.

ಈಗಲೇ ಸರಿಮಾಡುತ್ತೇನೆ ಅತ್ತೆ, ಒಂದು ನಿಮಿಷ ಎಂದು ನಾನು ಮೌಸಿಗೆ ಕೈ ಹಾಕಿದೆ. ಅವಳು ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. ಮೋಡ ಹುಡುಕುತ್ತಿದ್ದ ದಿನ ಹಿಡಿದಂತೆಯೇ ಹಿಡಿದಳು. ಬಳೆಗಳು ನನ್ನ ಮಣಿಕಟ್ಟಿಗೆ ತಣ್ಣಗೆ ತಾಗಿದವು.

"ಇರ್ಲಿ ಬಿಡು, ಸರಿ ಮಾಡಬ್ಯಾಡ," ಎಂದಳು. "ಬಳಿ ಇಲ್ಲ. ಆದ್ರೂ ನಾ ಬಿದ್ದಿಲ್ಲ ನೋಡು."

ನಾನು ನೋಡಿದೆ. ಬಿದ್ದಿರಲಿಲ್ಲ. ಅವಳು ಎದ್ದು ಅಡಿಗೆಮನೆಗೆ ಹೋಗುತ್ತ, ಆ ಹಸಿರು ಬಟ್ಟೆ ಇನ್ನು ನಿನಗೆ ಯಾಕೆ ಬೇಕು, ಕೊಡು, ಕುರಡಗಿ ಹಾಕಬೇಕು ಎಂದಳು.